ಪರಕೀಯರ ಮಾತು, ಒಳಗಿನವರ ಪ್ರಾರ್ಥನೆ
ಕ್ರೈಸ್ತ ಆರಾಧನೆಯಲ್ಲಿ ಸ್ವಾಸ್ಥ್ಯ ಮತ್ತು ಆತಿಥ್ಯದ ವಿಚಾರ

೧

ಆರಾಧನೆಯ ವಿಧಿಯೂ ಒಂದು ಸಾಹಿತ್ಯಕೃತಿಯೇ. ಅದಕ್ಕೆ ಕರ್ತೃಗಳುಂಟು, ಪಾಠಾಂತರಗಳುಂಟು, ಬೇರೆ ಬೇರೆ ಕಡೆಯಿಂದ ಎತ್ತಿ ತಂದು ಹೊಂದಿಸಿದ ಮಾತುಗಳುಂಟು. ಆದರೆ ಕಾವ್ಯದಂತೆ ಅದನ್ನು ಕುಳಿತು ಓದುವವರು ವಿರಳ. ನಿಂತು ಉಚ್ಚರಿಸುವವರೇ ಬಹಳ. ತಲೆಮಾರುಗಳ ಉಚ್ಚಾರದಿಂದ ಮಾತು ನಯವಾಗುತ್ತದೆ. ನಯವಾದ ಮಾತು ತಾನು ಹುಟ್ಟಿದ ಸಂದರ್ಭವನ್ನು ಮರೆಸುತ್ತದೆ. ಮರೆಯಾದ ಆ ಸಂದರ್ಭವನ್ನು ಮತ್ತೆ ಕಾಣಿಸುವುದು ವಿಮರ್ಶೆಯ ಕೆಲಸಗಳಲ್ಲೊಂದು. ಇದರಿಂದ ಭಕ್ತಿಗೆ ಹಾನಿಯಾಗಬೇಕಾದ್ದಿಲ್ಲ. ತಾನು ಯಾರ ಮಾತನ್ನು ಆಡುತ್ತಿದ್ದೇನೆಂಬ ಅರಿವು ಭಕ್ತನಿಗೆ ದೊರೆತರೆ ಅದು ಲಾಭವೇ.

ಪಾಶ್ಚಾತ್ಯ ಕ್ರೈಸ್ತ ಸಂಪ್ರದಾಯದ ಪ್ರಭುಭೋಜನವಿಧಿಯನ್ನು ಈ ದೃಷ್ಟಿಯಿಂದ ನೋಡಿದಾಗ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ರೋಮನ್ ಕಥೋಲಿಕರ ಬಲಿಪೂಜೆಯಲ್ಲಿ ರೊಟ್ಟಿಯನ್ನು ಸ್ವೀಕರಿಸುವ ಮುನ್ನ ಸಭೆಯು ತನ್ನ ಅಯೋಗ್ಯತೆಯನ್ನು ನಿವೇದಿಸಿಕೊಂಡು, ಒಂದು ಮಾತಿನಿಂದಲೇ ತನ್ನನ್ನು ಗುಣಪಡಿಸಬೇಕೆಂದು ಬೇಡುತ್ತದೆ. ಆ ಬೇಡಿಕೆ ಮೂಲತಃ ಯೆಹೂದ್ಯನಲ್ಲದ ಒಬ್ಬ ಶತಾಧಿಪತಿಯದು. ಆಂಗ್ಲಿಕನ್ ಸಂಪ್ರದಾಯದ ವಿಧಿಯಲ್ಲಿ ಅದೇ ಸ್ಥಾನದ ಹತ್ತಿರ ಮೇಜಿನ ಕೆಳಗೆ ಬಿದ್ದ ಚೂರುಗಳ ಪ್ರಸ್ತಾಪ ಬರುತ್ತದೆ. ಅದು ಮೂಲತಃ ತೂರ್ ಪ್ರಾಂತದ ಅನ್ಯಜನಾಂಗದ ಒಬ್ಬ ತಾಯಿಯದು. ಇಡೀ ವಿಧಿಗೆ ಗ್ರೀಕಿನಲ್ಲಿರುವ ಹೆಸರು 'ಯೂಕರಿಸ್ತಿಯ', ಎಂದರೆ ಕೃತಜ್ಞತೆಯ ಸಮರ್ಪಣೆ. ಲೂಕನ ಸುವಾರ್ತೆಯಲ್ಲಿ ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳ ಪೈಕಿ ಹಿಂದಿರುಗಿ ಬಂದು ಈ ಕೃತಜ್ಞತೆಯನ್ನು ಸಲ್ಲಿಸಿದವನು ಒಬ್ಬನೇ, ಅವನು ಸಮಾರ್ಯದವನು.

ಮೂವರೂ ಹೊರಗಿನವರು. ಮೂವರೂ ರೋಗಪರಿಹಾರವನ್ನು ಬೇಡಿ ಬಂದವರು. ಕ್ರೈಸ್ತ ಆರಾಧನೆಯ ಅತ್ಯಂತ ಒಳಗಿನ ಕೋಣೆಯಲ್ಲಿ, ಒಳಗಿನವರಿಗೆ ಮಾತ್ರ ಮೀಸಲಾದ ಮೇಜಿನ ಬಳಿ, ಒಳಗಿನವರು ಆಡುವ ಮಾತುಗಳು ಹೊರಗಿನವರದೆಂಬುದು ಆಕಸ್ಮಿಕವಲ್ಲ. ಆದರೆ ಈ ಸ್ವೀಕಾರದಿಂದ ಆದದ್ದೇನು? ಪರಕೀಯನಿಗೆ ಸ್ವಾಗತ ದೊರೆಯಿತೋ, ಅವನ ಮಾತಿಗೆ ಮಾತ್ರ ದೊರೆಯಿತೋ? ಈ ಪ್ರಶ್ನೆಯನ್ನು ಪಾಠಗಳ ಆಧಾರದಿಂದಲೇ ಪರಿಶೀಲಿಸುವುದು ಉಚಿತ.

೨

ಶತಾಧಿಪತಿಯ ಕಥೆಯನ್ನು ಮತ್ತಾಯನೂ ಲೂಕನೂ ಹೇಳುತ್ತಾರೆ. ಕಪೆರ್ನೌಮಿನಲ್ಲಿದ್ದ ಈ ಸೇನಾಧಿಕಾರಿಯ ಆಳು ಹಾಸಿಗೆ ಹಿಡಿದಿದ್ದಾನೆ. ಮತ್ತಾಯನಲ್ಲಿ ಅಧಿಕಾರಿ ತಾನೇ ಬಂದು ಬೇಡುತ್ತಾನೆ. ಲೂಕನಲ್ಲಿ ಅವನು ಬರುವುದೇ ಇಲ್ಲ. ಮೊದಲು ಯೆಹೂದ್ಯರ ಹಿರಿಯರನ್ನೂ ಅನಂತರ ತನ್ನ ಗೆಳೆಯರನ್ನೂ ಕಳಿಸುತ್ತಾನೆ. ಹಿರಿಯರು ಅವನ ಪರವಾಗಿ ಹೇಳುವ ಮಾತು ಗಮನಾರ್ಹ: ಇವನು ತಮ್ಮ ಜನರನ್ನು ಪ್ರೀತಿಸುವವನು, ಸಭಾಮಂದಿರವನ್ನು ಕಟ್ಟಿಸಿಕೊಟ್ಟವನು, ಆದಕಾರಣ ಯೋಗ್ಯನು. ಅಧಿಕಾರಿ ಮಾತ್ರ ತಾನು ಅಯೋಗ್ಯನೆಂದೇ ಹೇಳಿಕಳಿಸುತ್ತಾನೆ. ತನ್ನ ಮನೆಯೊಳಕ್ಕೆ ಯೇಸು ಬರುವುದು ಬೇಡ, ಇದ್ದಲ್ಲಿಂದಲೇ ಒಂದು ಮಾತಾಡಿದರೆ ಸಾಕು, ತನ್ನ ಆಳು ಗುಣಹೊಂದುವನು ಎಂಬುದು ಅವನ ವಿಜ್ಞಾಪನೆ. ಆಜ್ಞೆಯ ಬಲವೇನೆಂಬುದು ಸೈನಿಕನಿಗೆ ಗೊತ್ತು. ಆ ವೃತ್ತಿಯ ಅನುಭವದಿಂದಲೇ ಅವನ ನಂಬಿಕೆ ರೂಪುಗೊಂಡಿದೆ.

ಮಧ್ಯಯುಗದಲ್ಲಿ ಈ ವಿಜ್ಞಾಪನೆ ಲ್ಯಾಟಿನ್ ಬಲಿಪೂಜೆಯೊಳಕ್ಕೆ ಬಂದಿತು. ಹಳೆಯ ವಿಧಿಯಲ್ಲಿ ಅದನ್ನು ಮೂರು ಸಲ ಹೇಳುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ೧೯೭೦ರಲ್ಲಿ ಪ್ರಕಟವಾದ ಪರಿಷ್ಕೃತ ಪೂಜಾಗ್ರಂಥದಲ್ಲಿ ಗುರುವೂ ಜನರೂ ಕೂಡಿ ಒಂದೇ ಸಲ ಹೇಳುವಂತಾಯಿತು. ಬೈಬಲಿನ ಲ್ಯಾಟಿನ್ ಪಾಠಕ್ಕೂ ಪೂಜೆಯ ಪಾಠಕ್ಕೂ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಬೈಬಲಿನಲ್ಲಿ ಗುಣಹೊಂದಬೇಕಾದವನು 'ಪುಎರ್', ಎಂದರೆ ಆಳು ಅಥವಾ ಹುಡುಗ. ಪೂಜೆಯಲ್ಲಿ ಆ ಸ್ಥಾನಕ್ಕೆ 'ಅನಿಮ' ಬಂದಿದೆ, ಎಂದರೆ ಆತ್ಮ. ೧೯೭೩ರ ಇಂಗ್ಲಿಷ್ ಅನುವಾದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮನೆಯ ಮಾಡನ್ನೂ ಆತ್ಮವನ್ನೂ ಬಿಟ್ಟು 'ನಾನು' ಎಂಬಷ್ಟನ್ನೇ ಉಳಿಸಿತ್ತು; ೨೦೧೧ರ ಅನುವಾದ ಮಾಡನ್ನೂ ಆತ್ಮವನ್ನೂ ಮರಳಿ ತಂದಿತು. ಹೊರಗೆ ಉಳಿದವನು ಆಳು ಮಾತ್ರ.

ಒಂದು ಪದದ ಬದಲಾವಣೆಯಲ್ಲಿ ಅರ್ಥದ ದಿಕ್ಕೇ ತಿರುಗಿದೆ. ಶತಾಧಿಪತಿ ತನಗಾಗಿ ಏನನ್ನೂ ಬೇಡಲಿಲ್ಲ. ತನ್ನ ಅಧೀನದಲ್ಲಿದ್ದ, ಲೂಕನ ಪ್ರಕಾರ ದಾಸನೇ ಆಗಿದ್ದ ಒಬ್ಬನಿಗಾಗಿ ಬೇಡಿದನು. ಅವನ ವಿನಯದ ಬೆಲೆ ಇರುವುದು ಅಲ್ಲಿ. ಅಧಿಕಾರವುಳ್ಳವನು ದಾಸನೊಬ್ಬನ ಪ್ರಾಣಕ್ಕಾಗಿ ತನ್ನ ಮಾನವನ್ನು ಬದಿಗಿಟ್ಟನು. ಪ್ರಾರ್ಥನೆಯಲ್ಲಿ ವಿನಯ ಉಳಿದು ದಾಸನು ಅಳಿದುದರಿಂದ, ಪರಾರ್ಥವಾದ ಬೇಡಿಕೆ ಸ್ವಾರ್ಥಕ್ಕೆ ತಿರುಗದಿದ್ದರೂ ಸ್ವಂತಕ್ಕೆ ತಿರುಗಿತು. ಇನ್ನೊಂದು ಪಲ್ಲಟವೂ ಉಂಟು. ಅಧಿಕಾರಿ ಬೇಡಿದ್ದು ಯೇಸು ಬಾರದಿರಲೆಂದು. ಭಕ್ತನು ಅದೇ ಮಾತನ್ನು ಆಡುವುದು ಯೇಸುವನ್ನು ಒಳಗೆ ಬರಮಾಡಿಕೊಳ್ಳುವ ಗಳಿಗೆಯಲ್ಲಿ. ಈ ಎರಡನೆಯ ಪಲ್ಲಟವನ್ನು ದೋಷವೆನ್ನಲಾಗದು. ಬೇಡವೆಂದವನ ಮನೆಗೂ ಬರುವ ಅತಿಥಿಯೆಂಬ ಭಾವ ಅದರಿಂದ ಹುಟ್ಟುತ್ತದೆ. ವಿಧಿಯ ಕರ್ತೃಗಳು ಇಲ್ಲಿ ಕಥೆಯನ್ನು ಬೆಳೆಸಿದ್ದಾರೆಯೇ ಹೊರತು ಕೆಡಿಸಿಲ್ಲ.

ಅಷ್ಟಾಗಿಯೂ ಶತಾಧಿಪತಿಯನ್ನು ಸ್ವಾಗತಾರ್ಹ ಪರಕೀಯನ ಮಾದರಿಯೆಂದು ಹಿಡಿಯುವಾಗ ಎಚ್ಚರ ಬೇಕು. ಅವನಿಗೆ ಶಿಫಾರಸುಗಳಿದ್ದವು. ಮಂದಿರ ಕಟ್ಟಿಸಿಕೊಟ್ಟ ಪರಕೀಯನನ್ನು ಒಳಗಿನವರು ಬಾಗಿಲಲ್ಲಿ ತಡೆಯುವುದಿಲ್ಲ. ಪರೀಕ್ಷೆ ಇರುವುದು ಏನನ್ನೂ ಕಟ್ಟಿಸಿಕೊಡದ, ಯಾರ ಶಿಫಾರಸನ್ನೂ ತಾರದ ಪರಕೀಯನ ವಿಷಯದಲ್ಲಿ.

೩

ಅಂಥವಳು ತೂರಿನ ತಾಯಿ. ಮಾರ್ಕನು ಅವಳನ್ನು ಗ್ರೀಕಳೆಂದೂ ಹುಟ್ಟಿನಿಂದ ಸಿರಿಯದ ಫೊಯಿನಿಕೆಯವಳೆಂದೂ ಕರೆಯುತ್ತಾನೆ. ಮತ್ತಾಯನು ಕಾನಾನ್ಯಳೆಂದು ಕರೆದು ಹಳೆಯ ವೈರದ ನೆನಪನ್ನೆಬ್ಬಿಸುತ್ತಾನೆ. ಯಾರಿಗೂ ತಿಳಿಯದಂತೆ ಒಂದು ಮನೆಯಲ್ಲಿದ್ದ ಯೇಸುವಿನ ಬಳಿಗೆ ಅವಳು ನುಗ್ಗಿ ಬಂದು ದೆವ್ವ ಹಿಡಿದ ಮಗಳನ್ನು ಬಿಡಿಸಬೇಕೆಂದು ಕಾಲಿಗೆ ಬೀಳುತ್ತಾಳೆ. ದೊರೆತ ಉತ್ತರ ಕಠಿಣವಾದದ್ದು: ಮೊದಲು ಮಕ್ಕಳಿಗೆ ಹೊಟ್ಟೆ ತುಂಬಬೇಕು; ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ತರವಲ್ಲ. ಅವಳು ಆ ಉಪಮೆಯನ್ನು ನಿರಾಕರಿಸುವುದಿಲ್ಲ; ಅದರೊಳಕ್ಕೇ ಹೊಕ್ಕು ಅದನ್ನು ತನ್ನ ಕಡೆಗೆ ತಿರುಗಿಸುತ್ತಾಳೆ. ಮಕ್ಕಳು ಉಣ್ಣುವಾಗಲೇ ಮೇಜಿನ ಕೆಳಗೆ ಚೂರುಗಳು ಬೀಳುತ್ತವೆ, ಅವನ್ನು ನಾಯಿಮರಿಗಳು ತಿನ್ನುತ್ತವೆ ಎಂದು ವಾದಿಸುತ್ತಾಳೆ. ಎಂದರೆ ತನ್ನ ಸರದಿಗಾಗಿ ಕಾಯಬೇಕಾದ್ದಿಲ್ಲ, ಮಕ್ಕಳ ಪಾಲಿಗೆ ಕೊರತೆಯೂ ಆಗದು.

ಈ ಕಥೆಯನ್ನು ಮಾರ್ಕನು ಇಟ್ಟಿರುವ ಸ್ಥಾನವನ್ನು ನೋಡಬೇಕು. ಇದಕ್ಕೆ ಮೊದಲು ಐದು ಸಾವಿರ ಜನಕ್ಕೆ ರೊಟ್ಟಿ ಹಂಚಿದ ಪ್ರಸಂಗ; ಉಳಿದದ್ದು ಹನ್ನೆರಡು ಬುಟ್ಟಿ. ಇದರ ತರುವಾಯ ನಾಲ್ಕು ಸಾವಿರ ಜನಕ್ಕೆ ಹಂಚಿದ ಪ್ರಸಂಗ; ಉಳಿದದ್ದು ಏಳು ಬುಟ್ಟಿ. ಎರಡು ಕಡೆಯೂ ಹೊಟ್ಟೆ ತುಂಬಿತೆಂಬುದಕ್ಕೆ ಬಳಸಿದ ಕ್ರಿಯಾಪದವೇ ನಡುವಣ ಈ ಕಥೆಯಲ್ಲಿ ಮಕ್ಕಳ ಹೊಟ್ಟೆಯ ವಿಷಯದಲ್ಲಿಯೂ ಬಂದಿದೆ. ಮಿಕ್ಕ ರೊಟ್ಟಿಯ ರಾಶಿಗಳೆರಡರ ಮಧ್ಯದಲ್ಲಿ ನಿಂತು ಒಬ್ಬ ಹೆಂಗಸು ಚೂರಿನ ಲೆಕ್ಕವನ್ನು ಹೇಳುತ್ತಿದ್ದಾಳೆ. ಇದಕ್ಕೆ ತುಸು ಹಿಂದೆಯೇ ಕೈತೊಳೆಯುವ ಆಚಾರದ ಮೇಲಿನ ಜಗಳ, ಮಡಿಮೈಲಿಗೆಯ ಚರ್ಚೆ ನಡೆದಿದೆ. ತಿನ್ನುವ ಪದಾರ್ಥದ ಮೈಲಿಗೆಯನ್ನು ಕಳೆದ ಅಧ್ಯಾಯ, ತಿನ್ನುವ ಮನುಷ್ಯರ ಮೈಲಿಗೆಯ ಪ್ರಶ್ನೆಯನ್ನು ಈ ತಾಯಿಯ ಬಾಯಿಂದ ಎತ್ತಿಸುತ್ತದೆ.

ಯೇಸುವಿನ ಉತ್ತರವನ್ನು ಸಾಂಪ್ರದಾಯಿಕ ವ್ಯಾಖ್ಯಾನಕಾರರು ನಂಬಿಕೆಯ ಪರೀಕ್ಷೆಯೆಂದು ಸಮರ್ಥಿಸುತ್ತಾರೆ. ಆಧುನಿಕರಲ್ಲಿ ಹಲವರಿಗೆ ಈ ಸಮರ್ಥನೆ ಒಪ್ಪಿಗೆಯಾಗಿಲ್ಲ. ಜರ್ಮನ್ ವಿದ್ವಾಂಸ ಗೆರ್ಡ್ ಟೈಸನ್ ಆರ್ಥಿಕ ಹಿನ್ನೆಲೆಯ ಕಡೆಗೆ ಗಮನ ಸೆಳೆದಿದ್ದಾರೆ. ತೂರ್ ಸಿರಿವಂತ ಬಂದರುಪಟ್ಟಣ. ಅದರ ಹೊಟ್ಟೆ ತುಂಬುತ್ತಿದ್ದುದು ಗಲಿಲಾಯದ ಒಳನಾಡಿನ ಧಾನ್ಯದಿಂದ. ಆ ಪಟ್ಟಣಗಳಿಗೆ ಆಹಾರ ಅರಸನ ಸೀಮೆಯಿಂದಲೇ ಬರುತ್ತಿತ್ತೆಂಬುದಕ್ಕೆ ಅಪೊಸ್ತಲರ ಕೃತ್ಯಗಳಲ್ಲಿಯೂ ಸಾಕ್ಷ್ಯವಿದೆ. ಹೀಗಿರುವಲ್ಲಿ ಮಕ್ಕಳ ರೊಟ್ಟಿಯನ್ನು ಇತರರು ತಿನ್ನುವರೆಂಬ ಮಾತಿನ ಹಿಂದೆ ಬಡ ರೈತರ ಕಹಿ ಇದ್ದಿರಬಹುದು. ಬೋತ್ಸ್ವಾನಾದ ಮೂಸಾ ಡೂಬೆ ೨೦೦೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮತ್ತಾಯನ ಪಾಠವನ್ನು ಬೇರೊಂದು ಕಡೆಯಿಂದ ಪ್ರಶ್ನಿಸಿದರು. ಪರದೇಶದ ಹೆಂಗಸು ತನ್ನನ್ನು ತಾನೇ ಕೀಳೆಂದು ಒಪ್ಪಿಕೊಂಡ ಮೇಲೆಯೇ ಅನುಗ್ರಹ ದೊರೆಯುವ ಕಥನ ಸಾಮ್ರಾಜ್ಯಗಳಿಗೆ ಬಹಳ ಅನುಕೂಲವಾದದ್ದು ಎಂಬುದು ಅವರ ವಿಮರ್ಶೆಯ ತಿರುಳು. ಈ ಎರಡು ನೋಟಗಳೂ ಪರಸ್ಪರ ವಿರುದ್ಧವೆಂದು ತೋರಿದರೂ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಾದ್ದಿಲ್ಲ. ಪರಕೀಯರೆಲ್ಲರೂ ಬಡವರಲ್ಲ, ಒಳಗಿನವರೆಲ್ಲರೂ ಬಲ್ಲಿದರಲ್ಲ. ಆದರೂ ರೋಗಿಯಾದ ಮಗುವಿನ ತಾಯಿ ಕಾಲಿಗೆ ಬಿದ್ದಿರುವಾಗ ಬಲ ಯಾರ ಕಡೆಗಿದೆಯೆಂಬುದು ಸ್ಪಷ್ಟ.

ಇಲ್ಲಿ ಮಾರ್ಕನಿಗೂ ಮತ್ತಾಯನಿಗೂ ಇರುವ ಒಂದು ಭೇದವನ್ನು ಹೇಳಲೇಬೇಕು. ಮತ್ತಾಯನಲ್ಲಿ ಯೇಸು ಅವಳ ನಂಬಿಕೆಯನ್ನು ಮೆಚ್ಚುತ್ತಾನೆ. ಮಾರ್ಕನಲ್ಲಿ ನಂಬಿಕೆಯ ಮಾತೇ ಇಲ್ಲ. ಅವಳು ಆಡಿದ ಆ ಮಾತಿನ ಕಾರಣದಿಂದ ಮಗಳು ಬಿಡುಗಡೆ ಹೊಂದಿದಳೆಂದು ಹೇಳಿದೆ. ಶತಾಧಿಪತಿ ಯೇಸುವಿನ ಒಂದು ಮಾತನ್ನು ಬೇಡಿದನು. ಈ ತಾಯಿ ತನ್ನ ಒಂದು ಮಾತಿನಿಂದ ಗೆದ್ದಳು. ಸುವಾರ್ತೆಗಳಲ್ಲಿ ವಾದದಲ್ಲಿ ಯೇಸುವಿಗೆ ಎದುರುತ್ತರ ಕೊಟ್ಟು ಒಪ್ಪಿಸಿದವರು ಬೇರೆ ಯಾರೂ ಕಾಣಸಿಗುವುದಿಲ್ಲ.

ಈ ಗೆಲುವು ಪ್ರಾರ್ಥನೆಯಲ್ಲಿ ಏನಾಯಿತು? ಇಂಗ್ಲೆಂಡಿನ ಆರ್ಚ್‌ಬಿಷಪ್ ತೋಮಸ್ ಕ್ರಾನ್ಮರ್ ೧೫೪೮ರ ಪ್ರಭುಭೋಜನಕ್ರಮಕ್ಕಾಗಿ ಸಿದ್ಧಪಡಿಸಿದ ವಿನಮ್ರ ಪ್ರವೇಶದ ಪ್ರಾರ್ಥನೆ ೧೫೪೯ರ ಪ್ರಾರ್ಥನಾಗ್ರಂಥದಲ್ಲಿ ಸೇರಿ, ೧೫೫೨ರಲ್ಲಿ ಸ್ಥಾನ ಬದಲಿಸಿ, ೧೬೬೨ರ ಗ್ರಂಥದಲ್ಲಿ ನೆಲೆನಿಂತಿತು. ಭಾರತದಲ್ಲಿಯೂ ಅದಕ್ಕೆ ದೀರ್ಘ ಆಯುಷ್ಯವುಂಟು. ೧೯೪೭ರ ಸೆಪ್ಟೆಂಬರ್ ೨೭ರಂದು ಮದ್ರಾಸಿನಲ್ಲಿ ಉದ್ಘಾಟನೆಗೊಂಡ ದಕ್ಷಿಣ ಭಾರತ ಸಭೆಯು ೧೯೫೦ರಲ್ಲಿ ಹೊರತಂದ ಪ್ರಭುಭೋಜನವಿಧಿಯಲ್ಲಿ ಅದು ಉಳಿದುಕೊಂಡಿತು. ಆಂಗ್ಲ ಗದ್ಯದ ಲಯಸೌಂದರ್ಯಕ್ಕೆ ಈ ಪ್ರಾರ್ಥನೆ ಒಳ್ಳೆಯ ನಿದರ್ಶನ. ಆದರೆ ಅದರ ಅರ್ಥವನ್ನು ಮಾರ್ಕನ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಅಲ್ಲಿ ಭಕ್ತನು ಮೇಜಿನ ಕೆಳಗಿನ ಚೂರುಗಳನ್ನು ಆರಿಸಿಕೊಳ್ಳುವುದಕ್ಕೂ ತಾನು ತಕ್ಕವನಲ್ಲವೆನ್ನುತ್ತಾನೆ. ತೂರಿನ ತಾಯಿ ಹೇಳಿದ್ದು ಇದಲ್ಲ, ಇದಕ್ಕೆ ವಿರುದ್ಧವಾದದ್ದು. ಚೂರುಗಳಿಗೆ ತನಗೆ ಹಕ್ಕುಂಟೆಂದು ಅವಳು ಸಾಧಿಸಿದಳು. ಅವಳ ಉಪಮೆ ಉಳಿಯಿತು, ವಾದ ಬಿದ್ದುಹೋಯಿತು. ಅವಳ ಮಗಳೂ ಶತಾಧಿಪತಿಯ ಆಳಿನಂತೆ ಪ್ರಾರ್ಥನೆಯಿಂದ ಹೊರಟುಹೋದಳು.

ಈ ಪ್ರಾರ್ಥನೆ ಮನುಷ್ಯನನ್ನು ವಿಪರೀತವಾಗಿ ಹೀನೈಸುತ್ತದೆಂದು ಆಕ್ಷೇಪಿಸಿ ಅದನ್ನು ಬಿಡಬೇಕೆನ್ನುವವರುಂಟು. ಇಂಗ್ಲೆಂಡಿನ ಸಭೆಯು ೨೦೦೦ದಲ್ಲಿ ತಂದ ಪೂಜಾಗ್ರಂಥ ಇದರ ಜೊತೆಗೆ ಇನ್ನೊಂದು ಪ್ರಾರ್ಥನೆಯನ್ನು ವಿಕಲ್ಪವಾಗಿ ಕೊಟ್ಟಿದೆ. ಆಕ್ಷೇಪ ಪೂರ್ತಿ ಸರಿಯಲ್ಲ. ಹೀನೈಕೆ ಇಲ್ಲಿಯ ಮುಖ್ಯ ದೋಷವಲ್ಲ. ಬಲಿಷ್ಠನಾದವನು ವಾರಕ್ಕೊಮ್ಮೆ ತನ್ನನ್ನು ನಾಯಿಯ ಸ್ಥಾನದಲ್ಲಿ ಇಟ್ಟು ಯೋಚಿಸಿದರೆ ಕೆಡುವುದೇನೂ ಇಲ್ಲ. ದೋಷವಿರುವುದು ಆ ಸ್ಥಾನದಲ್ಲಿ ನಿಜವಾಗಿ ನಿಂತಿದ್ದವಳ ಧೈರ್ಯವನ್ನು ಮರೆತದ್ದರಲ್ಲಿ.

ಇದಕ್ಕಿಂತ ಹಳೆಯದಾದ ಇನ್ನೊಂದು ದಾಖಲೆಯೂ ಇಲ್ಲಿ ಪ್ರಸ್ತುತ. 'ದಿದಖೆ' ಎಂಬ ಪ್ರಾಚೀನ ಕ್ರೈಸ್ತ ಕೈಪಿಡಿಯ ಹಸ್ತಪ್ರತಿಯನ್ನು ಫಿಲೊಥೆಯೊಸ್ ಬ್ರೈಯೆನ್ನಿಯೊಸ್ ೧೮೭೩ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಕಂಡು ೧೮೮೩ರಲ್ಲಿ ಅಚ್ಚುಹಾಕಿಸಿದನು. ದೀಕ್ಷಾಸ್ನಾನ ಪಡೆಯದವರಿಗೆ ಪ್ರಭುಭೋಜನವನ್ನು ಕೊಡಬಾರದೆಂದು ಆ ಗ್ರಂಥ ವಿಧಿಸುತ್ತದೆ. ಅದಕ್ಕೆ ಆಧಾರವಾಗಿ ಪವಿತ್ರವಾದದ್ದನ್ನು ನಾಯಿಗಳಿಗೆ ಹಾಕಬಾರದೆಂಬ ಸುವಾರ್ತೆಯ ಇನ್ನೊಂದು ಮಾತನ್ನು ತರುತ್ತದೆ. ಹಾಗಾದರೆ ಒಂದೇ ಪ್ರಾಣಿಯ ಉಪಮೆ ಎರಡು ಕೆಲಸಗಳನ್ನು ಮಾಡಿದೆ: ಹೊರಗಿನವನನ್ನು ಮೇಜಿನಿಂದ ದೂರವಿಡುವುದಕ್ಕೂ, ಒಳಗಿನವನ ವಿನಯವನ್ನು ಅಲಂಕರಿಸುವುದಕ್ಕೂ ಒದಗಿದೆ. ತೂರಿನ ತಾಯಿ ಅದರಿಂದ ಮಾಡಿಸಿದ ಮೂರನೆಯ ಕೆಲಸ, ಎಂದರೆ ಮೇಜನ್ನೇ ಅಗಲಗೊಳಿಸುವುದು, ವಿಧಿಯಲ್ಲಿ ಎಲ್ಲಿಯೂ ಮುಂದುವರಿಯಲಿಲ್ಲ.

೪

ಕನ್ನಡದ ವಾಚಕರು ಈ ಚೂರುಗಳ ಮಾತನ್ನು ನಿರ್ಲಿಪ್ತವಾಗಿ ಕೇಳಲಾರರು. ಉಂಡು ಉಳಿದದ್ದಕ್ಕೆ ಕನ್ನಡದಲ್ಲಿ ಎರಡು ಹೆಸರುಗಳಿವೆ. ಮನುಷ್ಯನು ಉಂಡು ಉಳಿದದ್ದು ಎಂಜಲು. ದೇವರಿಗೆ ಅರ್ಪಿಸಿ ಉಳಿದದ್ದು ಪ್ರಸಾದ. ಒಂದು ಮುಟ್ಟಬಾರದ್ದು, ಇನ್ನೊಂದು ಕಣ್ಣಿಗೊತ್ತಿಕೊಳ್ಳತಕ್ಕದ್ದು. ಪದಾರ್ಥವೊಂದೇ, ಉಂಡವರು ಯಾರೆಂಬುದರ ಮೇಲೆ ಅದರ ಬೆಲೆ ನಿಂತಿದೆ. ಕನ್ನಡ ಕಥೋಲಿಕರು ಪವಿತ್ರೀಕೃತವಾದ ರೊಟ್ಟಿಯನ್ನು 'ಪರಮಪ್ರಸಾದ'ವೆಂದು ಕರೆಯುತ್ತಾರೆ. ಲ್ಯಾಟಿನ್ನಿನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಇಲ್ಲದ ಒಂದು ಅರ್ಥಚ್ಛಾಯೆ ಇದರಿಂದ ವಿಧಿಗೆ ಕೂಡಿದೆ. ಪ್ರಸಾದವು ಸ್ವಭಾವತಃ ಹಂಚತಕ್ಕ ವಸ್ತು. ಅದನ್ನು ಕೇಳಿ ಬಂದವನಿಗೆ ಇಲ್ಲವೆನ್ನುವ ವಾಡಿಕೆ ನಾಡಿನಲ್ಲಿ ಇಲ್ಲ. ಹೀಗಾಗಿ ಪರಮಪ್ರಸಾದವನ್ನು ಸಭೆಯವರಿಗಷ್ಟೇ ಮೀಸಲಿಡುವ ನಿಯಮಕ್ಕೂ ಆ ಪದ ಎಬ್ಬಿಸುವ ನಿರೀಕ್ಷೆಗೂ ನಡುವೆ ಕನ್ನಡದಲ್ಲಿ ಒಂದು ಬಿರುಕು ಕಾಣುತ್ತದೆ.

ಎಂಜಲಿನ ಕಡೆಯೂ ಅಷ್ಟೇ ತೊಡಕಿನದು. ಎಂಜಲೆಲೆಯ ಮೇಲೆ ಉರುಳಿದರೆ ಚರ್ಮವ್ಯಾಧಿ ವಾಸಿಯಾಗುತ್ತದೆಂಬ ನಂಬಿಕೆಯಿಂದ ನಡೆದುಬಂದ ಮಡೆಸ್ನಾನದ ವಿಷಯದಲ್ಲಿ ಕರ್ನಾಟಕದಲ್ಲಿ ಎಷ್ಟು ತೀವ್ರವಾದ ವಿವಾದ ಎದ್ದಿತೆಂಬುದು ತಿಳಿದದ್ದೇ. ರೋಗಪರಿಹಾರ, ಉಳಿದ ಅನ್ನ, ಮೇಲುಕೀಳಿನ ಕ್ರಮ ಈ ಮೂರೂ ಅಲ್ಲಿ ಕೂಡಿದ್ದವು. ತೂರಿನ ಕಥೆಯಲ್ಲಿಯೂ ಈ ಮೂರೇ ಕೂಡಿವೆ. ವ್ಯತ್ಯಾಸವಿಷ್ಟು: ಮಾರ್ಕನ ತಾಯಿ ಚೂರಿನ ಮೇಲೆ ಉರುಳಲಿಲ್ಲ, ಚೂರಿನ ಮಾತನ್ನೆತ್ತಿ ರೊಟ್ಟಿಯನ್ನೇ ಪಡೆದಳು. ಮಗಳು ಗುಣವಾದದ್ದು ಅರ್ಧವಲ್ಲ, ಪೂರ್ತಿ. ಎಂಜಲೆಂದು ಎಸೆದದ್ದು ಅವಳ ಬಾಯಿಂದ ಪ್ರಸಾದವಾಯಿತು. ಇದನ್ನು ಅನುವಾದಿಸುವ ಕನ್ನಡಿಗನು ಯಾವ ಪದವನ್ನು ಆರಿಸುತ್ತಾನೆಂಬುದು ಕೇವಲ ಶೈಲಿಯ ಪ್ರಶ್ನೆಯಲ್ಲ.

೫

ಮೂರನೆಯವನು ಲೂಕನ ಹದಿನೇಳನೆಯ ಅಧ್ಯಾಯದ ಸಮಾರ್ಯದವನು. ಸಮಾರ್ಯ ಗಲಿಲಾಯಗಳ ನಡುವಣ ಸೀಮೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು ಕೂಗುತ್ತಾರೆ. ರೋಗ ಅವರಲ್ಲಿದ್ದ ಜನಾಂಗಭೇದವನ್ನು ಅಳಿಸಿತ್ತು. ಊರಿಗೆ ಹೊರಗಾದ ಮೇಲೆ ಯೆಹೂದ್ಯನಾರು, ಸಮಾರ್ಯದವನಾರು? ಯಾಜಕರಿಗೆ ಮೈಯನ್ನು ತೋರಿಸಿಕೊಳ್ಳಿರೆಂಬ ಅಪ್ಪಣೆ ದೊರೆಯುತ್ತದೆ. ಲೇವಿಯರ ಗ್ರಂಥದ ನಿಯಮದಂತೆ, ಶುದ್ಧನೆಂದು ಯಾಜಕನು ಸಾರಿದ ಮೇಲೆಯೇ ರೋಗಿ ಮತ್ತೆ ಊರೊಳಕ್ಕೆ ಬರಬಹುದು. ದಾರಿಯಲ್ಲಿಯೇ ಅವರು ಶುದ್ಧರಾಗುತ್ತಾರೆ. ಶುದ್ಧರಾದ ಕ್ಷಣವೇ ಅಳಿದಿದ್ದ ಭೇದ ಮತ್ತೆ ತಲೆಯೆತ್ತುತ್ತದೆ. ಒಂಬತ್ತು ಮಂದಿಗೆ ಯೆರೂಸಲೇಮಿನ ದೇವಾಲಯವಿದೆ, ಯಾಜಕರಿದ್ದಾರೆ, ಮರಳಿ ಸೇರುವ ಮನೆಯಿದೆ. ಸಮಾರ್ಯದವನು ಹೋಗುವುದೆಲ್ಲಿಗೆ? ಗೆರಿಜ್ಜೀಮ್ ಬೆಟ್ಟದ ಮೇಲಿದ್ದ ಅವನ ಜನರ ಆಲಯವನ್ನು ಯೆಹೂದ್ಯ ದೊರೆ ಯೊಹಾನ ಹಿರ್ಕಾನನು ನೂರು ವರ್ಷಕ್ಕೂ ಹಿಂದೆಯೇ ಕೆಡವಿದ್ದನು. ಅವನು ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆ ಬಿದ್ದನು.

ಯೇಸು ಅವನನ್ನು ಕುರಿತು ಬಳಸುವ ಪದ 'ಅಲ್ಲೊಗೆನೇಸ್', ಎಂದರೆ ಅನ್ಯಕುಲದವನು. ಹೊಸ ಒಡಂಬಡಿಕೆಯಲ್ಲಿ ಈ ಪದ ಬಂದಿರುವುದು ಇದೊಂದೇ ಕಡೆ. ಆದರೆ ಅಂದಿನ ಯೆರೂಸಲೇಮಿನಲ್ಲಿ ಅದನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದರು. ೧೮೭೧ರಲ್ಲಿ ಫ್ರೆಂಚ್ ಪುರಾತತ್ತ್ವಜ್ಞ ಕ್ಲೆರ್ಮೊಂ-ಗನೊ ಕಂಡುಹಿಡಿದ, ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿರುವ ಗ್ರೀಕ್ ಶಾಸನ ದೇವಾಲಯದ ಒಳಾವರಣದ ಕಟಕಟೆಯ ಬಳಿ ಇದ್ದದ್ದು. ಅನ್ಯಕುಲದವನು ಅದನ್ನು ದಾಟಬಾರದು, ದಾಟಿ ಸಿಕ್ಕಿಬಿದ್ದರೆ ತನ್ನ ಸಾವಿಗೆ ತಾನೇ ಹೊಣೆ ಎಂಬುದು ಅದರ ತಾತ್ಪರ್ಯ. ಅಲ್ಲಿಯ ಪದವೂ ಇದೇ. ಕಟಕಟೆಯ ಹೊರಗಡೆ ನಿಲ್ಲಬೇಕಾದವನಿಗೆ ಇಟ್ಟ ಹೆಸರಿನಿಂದಲೇ, ಹತ್ತು ಮಂದಿಯಲ್ಲಿ ದೇವರನ್ನು ಸ್ತುತಿಸಲು ಬಂದ ಒಬ್ಬನನ್ನು ಲೂಕನು ಹೆಸರಿಸುತ್ತಾನೆ. ಅವನು ಮಾಡಿದ ಕ್ರಿಯೆಯನ್ನು ಹೇಳುವ ಪದವೋ, ಕೃತಜ್ಞತೆ ಸಲ್ಲಿಸುವುದೆಂಬ ಅರ್ಥದ 'ಯೂಕರಿಸ್ತೋನ್'. ಮುಂದೆ ಇಡೀ ಪ್ರಭುಭೋಜನಕ್ಕೆ ಹೆಸರಾದ ಪದ ಇದೇ ಧಾತುವಿನದು.

ಕಥೆಯ ಕೊನೆಯಲ್ಲಿ ಯೇಸು ಅವನಿಗೆ ಹೇಳುವ ಮಾತಿನ ಕ್ರಿಯಾಪದಕ್ಕೆ ಗ್ರೀಕಿನಲ್ಲಿ ಗುಣಪಡಿಸು ಎಂದೂ ರಕ್ಷಿಸು ಎಂದೂ ಎರಡರ್ಥ. ಕನ್ನಡದಲ್ಲಿ ಎರಡನ್ನೂ ಹೊರುವ ಒಂದು ಪದ ಸುಲಭವಾಗಿ ದೊರೆಯದು. ಅನುವಾದಕನು ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಆದರೆ 'ಸ್ವಸ್ಥ' ಎಂಬ ಪದ ಬೇರೊಂದು ದಾರಿಯನ್ನು ತೋರಿಸುತ್ತದೆ. ಸ್ವ-ಸ್ಥ, ಎಂದರೆ ತನ್ನಲ್ಲಿ ತಾನು ನೆಲೆಗೊಂಡವನು. ರೋಗವೆಂದರೆ ನೆಲೆ ತಪ್ಪುವುದು, ಸ್ವಾಸ್ಥ್ಯವೆಂದರೆ ನೆಲೆಗೆ ಬರುವುದು. ಈ ಅರ್ಥದಲ್ಲಿ ಪರಕೀಯತೆಯೂ ಒಂದು ಅಸ್ವಾಸ್ಥ್ಯ. 'ಪರದೇಶಿ' ಎಂಬ ಪದಕ್ಕೆ ಕನ್ನಡದಲ್ಲಿ ದಿಕ್ಕಿಲ್ಲದವನೆಂಬ ಅರ್ಥವೂ ಬಂದಿರುವುದು ಸುಮ್ಮನೆ ಅಲ್ಲ. ಹತ್ತು ಮಂದಿಯೂ ಚರ್ಮದಲ್ಲಿ ಗುಣವಾದರು. ನೆಲೆಯ ಪ್ರಶ್ನೆಯನ್ನೂ ಇತ್ಯರ್ಥ ಮಾಡಿಕೊಂಡು ಹೋದವನು ಸಮಾರ್ಯದವನೊಬ್ಬನೇ.

೬

ಪಾಠಗಳಿಂದ ಆಚರಣೆಯ ಕಡೆಗೆ ತಿರುಗಿದರೆ ಚಿತ್ರ ಮಿಶ್ರವಾಗಿದೆ. ಇಪ್ಪತ್ತನೆಯ ಶತಮಾನದ ಆರಾಧನಾ ಪರಿಷ್ಕಾರಗಳು ಸ್ವಾಸ್ಥ್ಯಕ್ಕೂ ಸ್ವಾಗತಕ್ಕೂ ಸ್ವಲ್ಪಮಟ್ಟಿಗೆ ಮರಳಿ ಸ್ಥಾನ ಕೊಟ್ಟವು. ರೋಗಿಗಳಿಗೆ ತೈಲ ಹಚ್ಚುವ ಸಂಸ್ಕಾರವನ್ನು ೧೯೭೨ರಲ್ಲಿ ರೋಮ್ ಸಾವಿನ ಅಂಚಿನಿಂದ ಈಚೆಗೆ ತಂದು, ಗಂಭೀರ ರೋಗದಲ್ಲಿರುವವರ ಸಂಸ್ಕಾರವನ್ನಾಗಿ ಮಾಡಿತು. ಸ್ಕಾಟ್ಲೆಂಡಿನಲ್ಲಿ ಜಾರ್ಜ್ ಮೆಕ್ಲಾಯ್ಡ್ ೧೯೩೮ರಲ್ಲಿ ಸ್ಥಾಪಿಸಿದ ಅಯೋನ ಬಳಗ ಸ್ವಾಸ್ಥ್ಯಪ್ರಾರ್ಥನೆಯನ್ನು ವಾರದ ಆರಾಧನೆಯ ಅಂಗವಾಗಿ ಮಾಡಿಕೊಂಡಿತು. ದಕ್ಷಿಣ ಭಾರತ ಸಭೆಯ ೧೯೫೦ರ ವಿಧಿ, ಅಂಗೈಗೆ ಅಂಗೈ ಸೇರಿಸಿ ಸಮಾಧಾನವನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಕ್ರಮವನ್ನು ಮತ್ತೆ ಬಳಕೆಗೆ ತಂದು ಇತರ ದೇಶಗಳ ಸಭೆಗಳಿಗೂ ಮೇಲ್ಪಂಕ್ತಿಯಾಯಿತು.

ಪಾಠವಾಚನದ ಪಟ್ಟಿಗಳಲ್ಲಿ ಮಾತ್ರ ಸಂಕೋಚ ಕಾಣುತ್ತದೆ. ಕಥೋಲಿಕರ ಮೂರು ವರ್ಷಗಳ ಚಕ್ರದಲ್ಲಿ ಮತ್ತಾಯನ ಕಾನಾನ್ಯ ಹೆಂಗಸು ಒಂದು ಭಾನುವಾರ ಬರುತ್ತಾಳೆ. ಅದರ ಜೊತೆಗೆ, ಪರದೇಶದವರಿಗೂ ದೇವಾಲಯ ತೆರೆದಿರುವುದೆಂಬ ಯೆಶಾಯನ ಪಾಠವಿದೆ. ಈ ಜೋಡಣೆ ಸೊಗಸಾದದ್ದು. ಆದರೆ ಮಾರ್ಕನ ವರ್ಷದಲ್ಲಿ ಒಂದು ಭಾನುವಾರ ಮಡಿಮೈಲಿಗೆಯ ಚರ್ಚೆಯನ್ನು ಓದಿ, ಮರುವಾರ ತೂರಿನ ತಾಯಿಯನ್ನು ದಾಟಿ ನೇರವಾಗಿ ಕಿವುಡನ ಕಥೆಗೆ ಹೋಗುತ್ತಾರೆ. ಅವಳ ಸರದಿ ವಾರದ ನಡುವಣ ಒಂದು ಗುರುವಾರಕ್ಕೆ ಬಿದ್ದಿದೆ. ೧೯೯೨ರಲ್ಲಿ ಪ್ರಕಟವಾದ, ಹಲವು ಪ್ರಾಟೆಸ್ಟೆಂಟ್ ಸಭೆಗಳು ಬಳಸುವ ಸಾಮಾನ್ಯ ಪಟ್ಟಿ ಎರಡು ಕಥೆಗಳನ್ನೂ ಕೂಡಿಸಿ ಓದಿಸುತ್ತದೆ. ನಂಬಿಕೆಗಾಗಿ ಹೊಗಳಿಸಿಕೊಂಡ ಹೆಂಗಸಿಗೆ ಭಾನುವಾರ, ವಾದದಲ್ಲಿ ಗೆದ್ದ ಹೆಂಗಸಿಗೆ ಗುರುವಾರ ಎಂಬ ಹಂಚಿಕೆಯ ಹಿಂದೆ ಉದ್ದೇಶವಿರಲಿ ಇಲ್ಲದಿರಲಿ, ಪರಿಣಾಮ ಒಂದೇ.

ಮೇಜಿನ ಇತಿಹಾಸ ಭಾರತದಲ್ಲಿ ಇನ್ನೂ ಕಹಿಯಾದದ್ದು. ೧೮೩೩ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿಭೇದ ಸಲ್ಲದೆಂದು ಪತ್ರ ಹೊರಡಿಸಬೇಕಾಯಿತು. ಮದ್ರಾಸಿನ ವೆಪೇರಿ ಮತ್ತು ತಂಜಾವೂರುಗಳಲ್ಲಿ ಅದಕ್ಕೆ ಬಲವಾದ ಪ್ರತಿಭಟನೆ ನಡೆಯಿತು. ಕುಳಿತುಕೊಳ್ಳುವ ಸ್ಥಳ ಬೇರೆ, ಪಾತ್ರೆಗೆ ತುಟಿಯಿಡುವ ಸರದಿ ಬೇರೆ ಎಂಬ ಏರ್ಪಾಡನ್ನು ಬಿಡಲೊಲ್ಲದವರು ಕೂಡ ಚೂರಿಗೂ ತಾವು ತಕ್ಕವರಲ್ಲವೆಂಬ ಪ್ರಾರ್ಥನೆಯನ್ನು ಹೇಳುವ ಸಂಪ್ರದಾಯಕ್ಕೇ ಸೇರಿದ್ದರು. ಯಾರದೋ ಮಾತನ್ನು ಅವರ ನೆನಪಿಲ್ಲದೆ ಆಡಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಇದರ ಇನ್ನೊಂದು ಮುಖವೂ ಭಾರತದಲ್ಲಿಯೇ ಇದೆ. ಮುಂಬಯಿಯ ಬಾಂದ್ರಾದಲ್ಲಿ ಸೆಪ್ಟೆಂಬರ್ ತಿಂಗಳ ಮೌಂಟ್ ಮೇರಿ ಜಾತ್ರೆಗೆ ಎಲ್ಲ ಮತಗಳ ಜನರೂ ಹೋಗುತ್ತಾರೆ. ಕೈನೋವಿಗೆ ಮೇಣದ ಕೈ, ಕಾಲುನೋವಿಗೆ ಮೇಣದ ಕಾಲು ಕೊಂಡು ಒಪ್ಪಿಸುತ್ತಾರೆ. ಕಾರ್ಕಳದ ಅತ್ತೂರಿನಲ್ಲಿ ಜನವರಿಯ ಸಂತ ಲಾರೆನ್ಸನ ಹಬ್ಬಕ್ಕೂ ಹೀಗೆಯೇ ಜನ ಸೇರುತ್ತಾರೆ. ಇಲ್ಲಿ ಬರುವ ಅನ್ಯಮತೀಯರು ಶತಾಧಿಪತಿಯ, ತೂರಿನ ತಾಯಿಯ ನೇರ ವಂಶದವರೆನ್ನಬೇಕು: ತಮ್ಮ ಮನೆಯ ಯಾರದೋ ನೋವನ್ನು ಹೊತ್ತು, ತಮ್ಮದಲ್ಲದ ದೇವರ ಬಳಿಗೆ ನಾಚದೆ ಬಂದವರು. ಮೇಣದಬತ್ತಿಯವರೆಗೆ ಅವರಿಗೆ ಯಾವ ತಡೆಯೂ ಇಲ್ಲ. ಪರಮಪ್ರಸಾದದ ಸಾಲಿನಲ್ಲಿ ಮಾತ್ರ ಅವರಿಗೆ ಸ್ಥಳವಿಲ್ಲ. ದೀಕ್ಷೆಗೂ ಭೋಜನಕ್ಕೂ ಇರುವ ಸಂಬಂಧವನ್ನು ಯಾವ ಸಭೆಯೂ ಹಗುರವಾಗಿ ಬಿಡಲಾರದು. ಆ ನಿಯಮಕ್ಕೆ ತನ್ನದೇ ಆದ ದೀರ್ಘ ತರ್ಕವಿದೆ. ಆದರೆ ನಿಯಮವನ್ನು ಇಟ್ಟುಕೊಂಡವರು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಸಾಲಿನಲ್ಲಿ ನಿಂತವರ ಬಾಯಲ್ಲಿರುವ ಮಾತು, ಸಾಲಿನ ಹೊರಗೆ ಬತ್ತಿ ಹಿಡಿದು ನಿಂತವರದು.

ಉಡುಪಿಯ ಕನಕನ ಕಿಂಡಿ ಇಲ್ಲಿ ಸಹಜವಾಗಿ ನೆನಪಿಗೆ ಬರುತ್ತದೆ. ಒಳಗೆ ಬಿಡದ ಭಕ್ತನಿಗಾಗಿ ದೇವರು ಪಶ್ಚಿಮಕ್ಕೆ ತಿರುಗಿದನೆಂಬುದು ಐತಿಹ್ಯ. ಇಂದು ಎಲ್ಲರೂ ಆ ಕಿಂಡಿಯಿಂದ ನೋಡುವುದನ್ನು ಪುಣ್ಯವೆಂದು ಎಣಿಸುತ್ತಾರೆ. ಹೊರಗಿನವನು ನಿಂತ ಜಾಗ ಎಲ್ಲರ ದರ್ಶನದ ಜಾಗವಾದದ್ದು ದೊಡ್ಡ ಸಂಗತಿಯೇ. ಆದರೂ ಕಿಂಡಿಗೆ ಸಂದ ಗೌರವ ಬಾಗಿಲ ಪ್ರಶ್ನೆಗೆ ಉತ್ತರವಾಗಲಿಲ್ಲವೆಂಬ ಮಾತು ಕನ್ನಡದಲ್ಲಿ ಬಹುಕಾಲದಿಂದ ಕೇಳಿಬಂದಿದೆ. ಪ್ರಭುಭೋಜನದ ಪ್ರಾರ್ಥನೆಗಳೂ ಇಂಥ ಕಿಂಡಿಗಳೇ. ಅವುಗಳ ಮೂಲಕ ನೋಡುವವರು, ಅವು ಯಾಕೆ ಅಲ್ಲಿ ತೆರೆದಿವೆಯೆಂದು ಕೇಳಿಕೊಳ್ಳದಿದ್ದರೆ ಅವು ಗೋಡೆಯ ಅಲಂಕಾರವಾಗಿಬಿಡುತ್ತವೆ.

ಇದಕ್ಕೆ ಪರಿಹಾರ ಪ್ರಾರ್ಥನೆಗಳನ್ನು ಕಿತ್ತುಹಾಕುವುದಲ್ಲ. ಕಿತ್ತುಹಾಕಿದರೆ ಪರಕೀಯರ ಈ ಅಲ್ಪ ನೆನಪೂ ಅಳಿಯುತ್ತದೆ. ಶತಾಧಿಪತಿಯ ಮಾತಿಗೆ ಅವನ ಆಳನ್ನೂ, ಚೂರಿನ ಮಾತಿಗೆ ಆ ತಾಯಿಯ ಮಗಳನ್ನೂ ವಾದವನ್ನೂ ಮರಳಿ ಕೂಡಿಸುವುದು ಬೋಧಕನಿಂದ, ಅನುವಾದಕನಿಂದ, ಪಾಠಗಳನ್ನು ಆರಿಸುವವನಿಂದ ಸಾಧ್ಯವಾದ ಕೆಲಸ. ರೋಗಿಗಳಿಗಾಗಿ ಬೇಡುವ ವಿಜ್ಞಾಪನೆಯನ್ನು ಈ ಪ್ರಾರ್ಥನೆಗಳ ಪಕ್ಕದಲ್ಲಿ ತಂದಿಟ್ಟರೂ ಅರ್ಧ ಕೆಲಸವಾದೀತು. ಕನ್ನಡ ವಿಧಿಯನ್ನು ಮುಂದೆ ಪರಿಷ್ಕರಿಸುವವರಿಗೆ ಎಂಜಲು ಮತ್ತು ಪ್ರಸಾದಗಳ ನಡುವಣ ದೂರ ಗೊತ್ತಿರುವುದರಿಂದ, ಲ್ಯಾಟಿನ್ ಇಂಗ್ಲಿಷ್‌ಗಳ ಪರಿಷ್ಕಾರಕರಿಗೆ ಇಲ್ಲದ ಒಂದು ಅನುಕೂಲ ಅವರಿಗಿದೆ.

ಸಮಾರ್ಯದವನ ಕಥೆಯ ಕೊನೆ ಮತ್ತೊಂದು ಸಂಗತಿಯನ್ನು ಹೇಳುತ್ತದೆ. ಅವನಿಗೆ ಎದ್ದು ಹೋಗೆಂಬ ಅಪ್ಪಣೆಯಾಯಿತು. ಯೆಹೂದ್ಯನಾಗೆಂದು ಯಾರೂ ಹೇಳಲಿಲ್ಲ. ಗೆರಿಜ್ಜೀಮನ್ನು ಬಿಟ್ಟು ಯೆರೂಸಲೇಮನ್ನು ಹಿಡಿಯೆಂಬ ಷರತ್ತೂ ಇರಲಿಲ್ಲ. ಅವನು ಸಮಾರ್ಯದವನಾಗಿಯೇ ಬಂದನು, ಸಮಾರ್ಯದವನಾಗಿಯೇ ಹೋದನು, ಸ್ವಸ್ಥನಾಗಿ ಹೋದನು. ನೆಲೆ ಸಿಗಬೇಕಾದರೆ ತನ್ನತನವನ್ನು ಬಾಗಿಲಲ್ಲಿ ಬಿಟ್ಟು ಬರಬೇಕೆಂಬ ಮಾತನ್ನು ಪರಸ್ಥಳದಲ್ಲಿ ಬಾಳುವವರು ಒಂದಲ್ಲ ಒಂದು ಸಲ ಕೇಳಿಯೇ ಇರುತ್ತಾರೆ. ಆ ಮಾತಿಗೆ ಲೂಕನ ಕಥೆಯಲ್ಲಿ ಆಧಾರವಿಲ್ಲ. ಕೃತಜ್ಞತೆಯ ಹೆಸರನ್ನು ಹೊತ್ತ ವಿಧಿ ಆ ಹೆಸರಿಗೆ ತಕ್ಕಂತೆ ನಡೆಯಬೇಕಾದರೆ, ಮೊದಲು ಕೃತಜ್ಞತೆ ಸಲ್ಲಿಸಿದ ಆ ಅನ್ಯಕುಲದವನನ್ನು ಅವನಿರುವಂತೆಯೇ ನೆನೆಯಬೇಕಾಗುತ್ತದೆ.